ಶಿಗ್ಗಾವಿಗೂ ಸವಣೂರಿಗೂ ನಡುವಿನ ಮನಿ

ಮೊದಲ ಒಂದು ಮಾತು ಹೇಳಿಬಿಡ್ತೇನಿ. ಗಂಡನ ಸುದ್ದಿ ಹೇಳೂ ಮುಂದ ಹೆಂಗಸರು "ಅವ್ರು", "ನಮ್ಮನಿಯವ್ರು" ಅಂತ ಬಾಯಿ ತುಂಬ ಮರ್ಯಾದಿ ಹಚ್ಚಿ ಹೇಳಬೇಕಂತ. ಎದುರಿಗೆ ನಲವತ್ತು ವರ್ಷ "ರೀ" ಅಂದೇನಿ, ಅಷ್ಟು ಸಾಕು. ಇಲ್ಲಿ ನಾನು "ಅಂವ" ಅಂತನ ಬರೀತೇನಿ. ಸಿಟ್ಟು ಬರೋರಿಗೆ ಬರಲಿ.

ಆಗ ನಾವಿಬ್ರೂ ಸವಣೂರಾಗ ಇದ್ವಿ. ಎರಡನೇ ಯುದ್ಧ ಸುರು ಆಗಾಕ ಇನ್ನೂ ಎರಡು ಮೂರು ವರ್ಷ ಇತ್ತು. ಸುತ್ತ ನಾಕೂ ಕಡೆ ಇಂಗ್ರೇಜರ ಸರಕಾರ, ನಡುವ ಸವಣೂರು ನವಾಬರ ಸಂಸ್ಥಾನ. ಅದರ ಕಾಯದೆ ಬ್ಯಾರೆ, ಸೂಟಿ ಬ್ಯಾರೆ. ಹೊರಗ ರವಿವಾರ ಸೂಟಿ ಇದ್ರ ನಮಗ ಶುಕ್ರವಾರ. ಅಲ್ಲಿ ಹೆಣ್ಣುಮಕ್ಕಳ ಕನ್ನಡ ಸಾಲ್ಯಾಗ ನಾನು ಅಕ್ಕೋರು. ಕಲಸೋ ಹೆಂಗಸಿಗೆ ನಮ್ಮ ಕಡೆ ಹಂಗ ಅಂತಾರ. ನಾನು ಹಾನಗಲ್ಲದ ಭತ್ತದ ವ್ಯಾಪಾರಸ್ಥರ ಮಗಳು. ನಮ್ಮಪ್ಪ ಏಳನೇ ಇಯತ್ತೆ ತನಕ ಓದಿಸಿ, ಪ್ಯಾಟಿ ಮಂದಿ ಏನಂದ್ರೂ ಕಿವಿ ಮ್ಯಾಲ ಹಾಕ್ಕೊಳ್ಳದ, ಧಾರವಾಡಕ್ಕ ಟ್ರೇನಿಂಗಿಗೆ ಕಳಿಸಿದ್ದ.

ಆ ನೌಕರಿ ನನಗ ಏನಾಗಿತ್ತು ಅಂದ್ರ, ಮುಂಜಾನಿ ನಾನು ಒಳಗ ಕಾಲಿಟ್ರ ಮೂವತ್ತು ಹುಡಿಗ್ಯಾರು ಒಮ್ಮೆಲೆ ಎದ್ದು ನಿಂದರ್ತಿದ್ರು. ನಾನು ಕುಂದರ್ರಿ ಅಂದ ಮ್ಯಾಲನ ಕುಂದರ್ತಿದ್ರು. ಮನ್ಯಾಗ ನಾನು ಕುಂದರಬೇಕಂದ್ರ ಗಂಡ ಉಂಡಿರಬೇಕು, ಊರಿಂದ ಅತ್ತಿ ಬಂದಿದ್ರ ಅಕಿನೂ ಉಂಡಿರಬೇಕು, ಭಾಂಡಿ ತಿಕ್ಕಿರಬೇಕು, ಆಮ್ಯಾಲ ಯಾರೂ ನೀರು ಕೇಳಬಾರದು. ಸಾಲ್ಯಾಗ ಒಂದು ಖುರ್ಚಿ ಇತ್ತು. ಅದರ ಒಂದು ಕಾಲು ಗಿಡ್ಡ, ಆದ್ರ ಅದು ನಂದು. ಕಪಾಟಿನ ಕೀಲಿಕೈ ನನ್ನ ಸೊಂಟದಾಗ. ಹಾಜರಿ ಪುಸ್ತಕದಾಗ ದಿನಾ ನನ್ನ ಕೈಲೆ ನನ್ನ ಹೆಸರು ಬರೀತಿದ್ದೆ. ಇದನ್ನ ಬಿಟ್ಟು ಕೊಡು ಅಂದ್ರ ಯಾಕ ಕೊಡಬೇಕು.

ಅಂವ ಸವಣೂರಾಗ ಒಬ್ಬ ವಕೀಲರ ಹಂತ್ಯಾಕ ಬರಕೊಂಡು ಕುಂತಿದ್ದ. ಹಿರೇಬೆಂಡಿಗೇರಿ ಒಕ್ಕಲತನದ ಮನಿ ಹುಡುಗ. ಅಕ್ಷರ ಚೊಲೊ ಇದ್ವು ಅಂತ ಲೇಖನಿ ಹಿಡದಿದ್ದ. ಒಂದಿನ ಶಿಗ್ಗಾವಿ ಕಚೇರ್ಯಾಗ ಕಾರಕೂನನ ಜಾಗಾ ಸಿಕ್ಕತು. ಸರಕಾರಿ ನೌಕರಿ, ಸಣ್ಣ ಮಾತಲ್ಲ. ನಾನು ಮನಸಾರೆ ಖುಷಿ ಪಟ್ಟೆ, ಸುಳ್ಳು ಹೇಳೂದಿಲ್ಲ. ಅವತ್ತ ಉಣ್ಣಾಕ ಕುಂತಾಗ ಅಂವ ರೊಟ್ಟಿ ಮುರಕೋತ, ನನ್ನ ಮಾರಿ ನೋಡದ, "ನಾಳೆ ನೀ ರಾಜೀನಾಮಿ ಬರದು ಕೊಟ್ಟು ಬಾ" ಅಂದ. ಉಪ್ಪಿನಕಾಯಿ ನೀಡು ಅಂದಂಗ ಅಂದ.

ನಾನು ಒಲ್ಲೆ ಅಂದೆ.

ಸವಣೂರಿಂದ ಶಿಗ್ಗಾವಿಗೆ ಹತ್ತು ಮೈಲ. ಸರ್ವಿಸ್ ಮೋಟಾರು ದಿನಕ್ಕೊಂದು, ಅದೂ ಮಧ್ಯಾಹ್ನ, ಅದೂ ಡ್ರೈವರನ ಮನಸ್ಸಿಗೆ ಬಂದ್ರ. ಇದ್ದದ್ದು ಅಂದ್ರ ಅಂವನ ಸೈಕಲ್ಲು. ಆ ಸೈಕಲ್ಲು ಮದುವ್ಯಾಗ ನಮ್ಮಪ್ಪ ಕೊಟ್ಟದ್ದು, ಅದನ್ನೂ ಇಲ್ಲೆ ಬರದು ಇಡ್ತೇನಿ. ದಿನಾ ಇಪ್ಪತ್ತು ಮೈಲ ತುಳಿಯೂದು ಆಗೂದಿಲ್ಲ ಅಂದ. ಹಂಗಾರ ಶಿಗ್ಗಾವ್ಯಾಗ ಖೋಲಿ ಹಿಡದು ನೀವಿರ್ರಿ, ಸೂಟಿಗೆ ಬರ್ರಿ ಅಂದೆ. ಕೈಲೆ ಬೇಸಿಕೊಂಡು ತಿನ್ನಾಕ ನಾನೇನು ಹೆಂಡತಿ ಸತ್ತಂವನೇನು ಅಂದ. ಎಂಟು ದಿನ ಇದ ಜಗಳ. ನಾನು ಒಂದ ಮಾತು ಹಿಡಕೊಂಡಿದ್ದೆ: "ಇವತ್ತ ಶಿಗ್ಗಾವಿ, ನಾಳೆ ಹಾನಗಲ್ಲ, ನಾಡದು ಹಿರೇಕೆರೂರು. ನಿಮ್ಮನ್ನ ಎಲ್ಲೆಲ್ಲಿ ವರ್ಗಾ ಮಾಡ್ತಾರೋ ಅಲ್ಲೆಲ್ಲ ನಾನು ಗಂಟು ಹೊತ್ತು ತಿರಗಬೇಕು. ನನ್ನ ನೌಕರಿ ಮತ್ತ ಯಾವ ಊರಾಗ ಹುಟ್ಟತೈತಿ ಹೇಳ್ರಿ."

ಆಮ್ಯಾಲ ಒಂದು ಸಂಜಿಮುಂದ ವಕೀಲರ ಮನಿಯಿಂದ ತಂದ ದೊಡ್ಡ ಹಾಳಿ ಹಾಸಿ, ನಡುವ ಗೀಟು ಎಳದು ಕುಂತ. ಎಡಕ್ಕ ಶಿಗ್ಗಾವಿ, ಬಲಕ್ಕ ಸವಣೂರು. ಎರಡೂ ತೂಗಿ ನೋಡೂಣು, ಸಿಟ್ಟು ಬ್ಯಾಡ ಅಂದ. ಶಿಗ್ಗಾವಿ ಕಡೆ ಬರದ: ಕಚೇರಿ ಹಂತ್ಯಾಕ, ಬಿಸಿ ಊಟ, ಅವ್ವಗ ಹಿರೇಬೆಂಡಿಗೇರಿ ಸಮೀಪ, ಹೊಲಕ್ಕ ಹೋಗಿ ಬರಾಕ ಹಗರ. ಸವಣೂರಿಗೆ ನೀ ಹೇಳು ಅಂದ. ಹೇಳಿದೆ. ಸೀನೀರು ಬಾವಿ. ಬೆಳಕು ಬರೂವಂಥ ಮನಿ. ಸಂಜಿಕೆ ತ್ವಾಟದಿಂದ ಇಳಿಯೂ ಎಳಿ ವೀಳ್ಯದೆಲಿ. ಬಾಜೂಮನಿ ಎಲಿ ಮಾರೂ ಅಮ್ಮ. ಈ ಅಮ್ಮ ಮುಸಲರ ಪೈಕಿ. ಗಂಡ ತೀರಿದ ಮ್ಯಾಲ ಎಲಿ ವ್ಯಾಪಾರ ತಾನ ನಡಸಾಕಿ, ಹಬ್ಬಕ್ಕ ನಮ್ಮ ಮನಿಗೆ ಶೇವಿಗಿ ಪಾಯಸ ಕಳಸಾಕಿ. ಕಡೀಕೆ ಸಾಲಿ ಅಂದೆ. ಅಂವ ಎಲ್ಲಾನೂ ಬರದ, ಸಾಲಿ ಒಂದನ್ನ ಬಿಟ್ಟ. ಯಾಕ ಬರೀಲಿಲ್ಲ ಅಂದ್ರ, "ಅದು ಊರಿನ ಸುಖ ಅಲ್ಲ, ನಿನ್ನ ಹಟ" ಅಂದ. ಹಾಳಿ ಕಸಗೊಂಡು ಎಲ್ಲಾದಕ್ಕೂ ಮ್ಯಾಲ ನಾನ ಸಾಲಿ ಅಂತ ಬರದೆ, ನಿಬ್ಬು ಹಾಳಿ ಹರಿಯೂ ಹಂಗ ಬರದೆ.

ನಾಲ್ಕನೇ ದಿನ ಬಂದು, ನಡು ಹಾದ್ಯಾಗ ಮನಿ ಮಾಡೂಣೇನು ಅಂತ ಕೇಳಿದ. ಹಾದಿ ಅರ್ಧಕ್ಕ ಒಂದು ಹಳ್ಳಿ, ಅಲ್ಲಿಂದ ಶಿಗ್ಗಾವಿಗೂ ಐದು ಮೈಲ, ಸವಣೂರಿಗೂ ಐದು ಮೈಲ. ಅಂವ ಸೈಕಲ್ಲಿನ ಮ್ಯಾಲ ಆ ಕಡೆ, ನಾನು ಗಾಡಿ ಮ್ಯಾಲ ಈ ಕಡೆ. ಆ ಹಳ್ಳ್ಯಾಗ ಒಬ್ಬ ಒಕ್ಕಲಿಗ ಇದ್ದಾನ, ಸೊಪ್ಪು ಬದನಿಕಾಯಿ ಹೇರಿಕೊಂಡು ನಸುಕಿನ್ಯಾಗ ಸವಣೂರ ಪ್ಯಾಟಿಗೆ ಗಾಡಿ ಹೊಡೀತಾನ, ಏಳು ಹೊಡಿಯೂದ್ರಾಗ ಮುಟ್ಟತಾನ, ಅಂವನ ಇಬ್ಬರು ಹೆಣ್ಣುಮಕ್ಕಳಿಗೆ ನೀನು ಅಕ್ಷರ ಕಲಿಸಿದ್ರ ಗಾಡ್ಯಾಗ ಕೂಡಿಸಿಕೊಂಡು ಹೋಗ್ತಾನ, ಎಲ್ಲಾ ಮಾತಾಡಿ ಬಂದೇನಿ ಅಂದ.

ಅವತ್ತು ನನಗ ಅಂವನ ಮ್ಯಾಲ ಪ್ರೀತಿ ಉಕ್ಕಿ ಬಂತು. ಬರಿಯಾಕ ನಾಚಿಕಿ ಆಗತೈತಿ, ಆದ್ರ ಬಂತು. ಹತ್ತು ಮನಿ ಗಂಡಸರನ್ನ ನೋಡಿದ್ದೆ, ಹೆಂಡತಿ ನೌಕರಿ ಸಲುವಾಗಿ ಅರ್ಧ ಹಾದಿ ಬಂದಂವನ್ನ ಒಬ್ಬನ್ನೂ ಕಂಡಿರಲಿಲ್ಲ. ಹೂರಣ ರುಬ್ಬಿ ಹೋಳಿಗಿ ಮಾಡಿ, ತುಪ್ಪ ಸುರುವಿ ಉಣ್ಣಾಕ ನೀಡಿದೆ. ಅಂವ ಸುಮ್ಮನ ನಾಕು ಹೋಳಿಗಿ ತಿಂದ. ಈಗ ನೆನಸಿಕೊಂಡ್ರ ಆ ತುಪ್ಪಕ್ಕ ಹೊಟ್ಟಿ ಉರೀತೈತಿ.

ಮನಿ ನೋಡಾಕ ಇಬ್ಬರೂ ಕೂಡಿ ಹೋಗೂದು ಆಗಲಿಲ್ಲ. ಅಂವಗ ರವಿವಾರ ಸೂಟಿ, ನನಗ ಶುಕ್ರವಾರ. ಅಂವ ಒಂದು ರವಿವಾರ ನೋಡಿ ಬಂದ, ನಾನು ಮುಂದಿನ ಶುಕ್ರವಾರ ಅದ ಗಾಡ್ಯಾಗ ಹೋಗಿ ನೋಡಿದೆ. ಎತ್ತು ಗಟ್ಟಿ ಇದ್ವು, ಗಾಡಿ ಗಟ್ಟಿ ಇತ್ತು, ಗಾಡಿ ಹೊಡಿಯಾಂವ ಮರ್ಯಾದಸ್ತ. ಮನಿ ಮಾತ್ರ ಮನಿ ಅಲ್ಲ. ಬಗ್ಗಿ ಒಳಗ ಹೋಗೂವಂಥ ಬಾಗಲ, ಎದಿಮಟ ಗ್ವಾಡಿ, ಗ್ವಾಡಿ ಆಚೆ ಮಾಲಕರ ದನ. ನಮ್ಮ ಅಡಗಿ ವಾಸನಿ ಎಮ್ಮಿಗೆ, ಎಮ್ಮಿ ವಾಸನಿ ನಮಗ. ಬಾವಿ ನೀರು ಸವಳು, ಬ್ಯಾಳಿ ಬೇಯೂದಿಲ್ಲ. ಅಷ್ಟಾದ್ರೂ ಒಪ್ಪಿ ಸಾಮಾನು ಹೇರಿಕೊಂಡು ಬಂದ್ವಿ. ಬಂದ ದಿನಾನ ಓಣಿ ಹೆಂಗಸರು ಬಾಗಲದಾಗ ನಿಂತು, ಸಾಲಿ ಅಕ್ಕೋರಂತ, ಮಕ್ಕಳಾಗಿಲ್ಲಂತ, ಗಂಡನ್ನ ಎಳಕೊಂಡು ಬಂದಾಳಂತ ಅಂತ ನನಗ ಕೇಳಸೂ ಹಂಗ ಮಾತಾಡಿದ್ರು. ನಾನು ಅವರ ಕಡೆ ನೋಡಿ ಕಸಬರಿಗಿ ಝಾಡಿಸಿದೆ. ಮುಂದ ನಮಗೂ ಅವರಿಗೂ ಬಾಯಿ ಬಳಕಿ ಬೆಳೀಲೇ ಇಲ್ಲ. ಹಿರೇಬೆಂಡಿಗೇರಿಯಿಂದ ಅತ್ತಿ ಬಂದು ಕೂಡಿಕೊಂಡ್ಲು. ಒಂದು ಊರಿನ ಸುಖಾನೂ ಇಲ್ಲ, ಇನ್ನೊಂದರದೂ ಇಲ್ಲ. ಆದ್ರ ನನ್ನ ಸಾಲಿ ಉಳದಿತ್ತು. ಅಷ್ಟಕ್ಕ ನಾನು ಎಮ್ಮಿ ವಾಸನಿನೂ ಉಂಡೆ.

ಶನಿವಾರ ಗಾಡಿ ಹತ್ತಿದೆ, ಏಳಕ್ಕ ಮುಟ್ಟಿದೆ. ಸಾಲಿ ಏಳೂವರಿಗೆ. ರವಿವಾರ ಹಂಗ. ಸೋಮವಾರ ನಸುಕಿನ್ಯಾಗ ಬುತ್ತಿ ಕಟಗೊಂಡು, ಛತ್ರಿ ಹಿಡಕೊಂಡು ಆ ಒಕ್ಕಲಿಗನ ಅಂಗಳಕ್ಕ ಹೋದ್ರ ಗಾಡಿ ಮೂಕಿ ನೆಲಕ್ಕ ಊರಿ ನಿಂತೈತಿ. ಒಕ್ಕಲಿಗ ಎತ್ತಿನ ಮೈ ತೊಳ್ಯಾಕತ್ತಾನ. ಅಂವನ ಹೆಂಡತಿ ಕ್ವಾಡಿಗೆ ಕುಂಕುಮ ಹಚ್ಚಾಕತ್ತಾಳ. ನನ್ನ ನೋಡಿ ಇಬ್ಬರೂ ಕಕ್ಕಾಬಿಕ್ಕಿ ಆದ್ರು.

"ಇವತ್ತ ಸೋಮವಾರ ಅಲ್ಲೇನ್ರಿ ಅಕ್ಕೋರ. ಬಸವಣ್ಣನ ವಾರ. ಎತ್ತು ಹೂಡೂದಿಲ್ರಿ" ಅಂದ.

ನಮ್ಮ ಸೀಮ್ಯಾಗ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ. ಹೊಲದಾಗ ಬೆಳಿ ಒಣಗಾಕತ್ತಿದ್ರೂ ಇಡೂದಿಲ್ಲ. ಇದು ಹಾಲು ಕುಡಿಯೂ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು, ಗೊತ್ತಿದ್ದೂ ತಲಿಗೆ ಹೊಳೀಲಿಲ್ಲ. ನಾನು ಅಂಗಡಿ ಸಾಲಿನಾಗ ಬೆಳದಾಕಿ. ಗಾಡಿ ಬಂದ ದಿನ ಭತ್ತ ಬರ್ತಿತ್ತು, ಬರದಿದ್ದ ದಿನ ಬರ್ತಿದ್ದಿಲ್ಲ, ಯಾಕ ಅಂತ ನಾನು ಎಂದೂ ಎಣಿಸಿರಲಿಲ್ಲ. ಐದು ಮೈಲ ಎಣಿಸಿದ್ವಿ, ತಾಸು ಎಣಿಸಿದ್ವಿ, ವಾರ ಎಣಿಸಲಿಲ್ಲ. ಆ ಒಕ್ಕಲಿಗನೂ ಹೇಳಲಿಲ್ಲ. ಸೂರ್ಯ ಮೂಡಣಕ್ಕ ಹುಟ್ಟತಾನ ಅಂತ ಯಾರರೆ ಹೇಳ್ತಾರೇನು.

ನಡಕೋತ ಹೋದೆ. ಕರಿ ಮಣ್ಣಿನ ಹಾದಿ, ನಡುವ ಒಂದು ಹಳ್ಳ, ಸೀರಿ ಮೊಣಕಾಲಮಟ ಎತ್ತಿ ದಾಟಬೇಕು. ಆ ಎತ್ತು ಓಡಿಕೋತ ಒಂದು ತಾಸಿನ್ಯಾಗ ಮುಟ್ಟಸೂ ಹಾದಿ ನನ್ನ ಕಾಲಿಗೆ ಎರಡು ತಾಸಿನ ಮ್ಯಾಲಾತು; ಮುಟ್ಟೂದ್ರಾಗ ಎಂಟು ಹೊಡದು ಹೋಗಿತ್ತು. ನಮ್ಮ ದೊಡ್ಡ ಅಕ್ಕೋರು, ಅಂದ್ರ ಹೆಡ್ ಮಿಸ್ಟ್ರೆಸ್, ಬಿಳಿ ಸೀರಿ ವಿಧವಿ ಮುದುಕಿ, ನಕ್ಕಿದ್ದನ್ನ ಯಾರೂ ನೋಡಿರಲಿಲ್ಲ. ಹಾಜರಿ ಪುಸ್ತಕದಾಗ ನನ್ನ ಹೆಸರಿನ ಮುಂದ ಕೆಂಪು ಮಸಿಲೆ ಗೀಟು ಎಳದ್ರು. ಒಂದು ಟರ್ಮಿನಾಗ ಮೂರು ಕೆಂಪು ಗೀಟು ಬಿದ್ರ ಹೆಸರು ಮ್ಯಾಲಿನವರಿಗೆ ಹೋಗತೈತಿ, ಜಾಗಾ ಬ್ಯಾರೆಯವರಿಗೆ ಹೋಗತೈತಿ ಅನ್ನೂದು ಆ ಸಾಲಿ ಕಾಯದೆ. ನನ್ನ ಜಾಗಾಕ್ಕ ಅರ್ಜಿ ಹಾಕಿ ಕುಂತವರು ಇಬ್ಬರಿದ್ರು, ಇಬ್ಬರದೂ ಮನಿ ಸವಣೂರಾಗ.

ಸಂಜಿಕೆ ಬಂದು ಅಂವಗ ಹೇಳಿದೆ. "ಹೌದಲ್ಲ, ಮರತ ಹೋತು ನೋಡು" ಅಂದ. ಹಣಿ ಹಣಿ ಬಡಕೊಂಡ. ನಾನು ನಂಬಿದೆ.

ಅಂವನ ಕಚೇರಿ ಹನ್ನೊಂದಕ್ಕ. ಸೋಮವಾರ ಒಂದಿನ ಸೈಕಲ್ಲಿನ ಹಿಂದ ಕೂಡಿಸಿಕೊಂಡು ಸವಣೂರಿಗೆ ಬಿಟ್ಟು ಬರ್ರಿ, ಸಾಕಷ್ಟು ಹೊತ್ತು ಇರತೈತಿ ಅಂದೆ. "ಕಾರಕೂನ ಹೆಂಡತಿನ್ನ ಕ್ಯಾರಿಯರಿನ ಮ್ಯಾಲ ಮೂಟಿ ಹೇರಿದಂಗ ಹೇರಿಕೊಂಡು ಹೊಂಟಾನ ಅಂತ ಮಂದಿ ನಗತಾರ" ಅಂದ. ಹಂಗಾರ ಕತ್ತಲಿದ್ದಾಗ ಎದ್ದು ಹೋಗ್ತೇನಿ, ಜೋಡಿ ಅರ್ಧ ಹಾದಿ ಬರ್ರಿ ಅಂದೆ. ಸೋಮವಾರ ಕಚೇರ್ಯಾಗ ಕೆಲಸ ಭಾಳ ಅಂದ. ಒಬ್ಬಾಕಿನ ಹೋಗ್ತೇನಿ ಅಂದ್ರ ಅತ್ತಿ ಬಾಗಲಕ್ಕ ಅಗಳಿ ಹಾಕಿ ಅದಕ್ಕ ಬೆನ್ನು ಕೊಟ್ಟು ಮಲಗಿದ್ಲು. ಕತ್ತಲಾಗ ಒಬ್ಬಾಕಿ ತಿರಗೂವಂಥಾ ಸೊಸಿ ನಮ್ಮ ವಂಶದಾಗ ಇಲ್ಲ ಅಂದ್ಲು. ಎರಡನೇ ಸೋಮವಾರ ಬೆಳಕು ಹರದ ಮ್ಯಾಲ ಬಿಟ್ಲು. ಓಡಿದೆ, ಖರೇನ ಓಡಿದೆ. ಹಳ್ಳದಾಗ ಚಪ್ಪಲಿ ಸಿಕ್ಕೊಂಡು ಹೋದ್ವು, ಬರಿಗಾಲಲೆ ಹೋದೆ. ಪ್ರಾರ್ಥನಾ ಮುಗದಿತ್ತು. ಎರಡನೇ ಗೀಟು ಬಿತ್ತು. ಹುಡಿಗ್ಯಾರು ನನ್ನ ಕಾಲ ಕಡೆ ನೋಡಾಕತ್ತಿದ್ರು. ನನಗ ಆಗಿನ ನಾಚಿಕಿ ಇವತ್ತಿಗೂ ಮೈಯಾಗ ಐತಿ.

ಮುಂದಿನ ಸೋಮವಾರಕ್ಕ ನಾನು ಹಂಚಿಕಿ ಹಾಕಿದೆ. ರವಿವಾರ ನನಗ ಸಾಲಿ ಇರತೈತಿ. ಸಾಲಿ ಬಿಟ್ಟ ಮ್ಯಾಲ ಎಲಿ ಅಮ್ಮನ ಮನ್ಯಾಗ ಉಳಕೊಂಡ್ರ ಸೋಮವಾರ ಓಣಿ ದಾಟಿದ್ರ ಸಾಲಿ. ಅಮ್ಮನ್ನ ಕೇಳಿದೆ. "ಇದು ಕೇಳೋ ಮಾತೇನ್ ಬೇಟಿ, ಬಾ" ಅಂದ್ಲು. ಶನಿವಾರ ಮನ್ಯಾಗ ಹೇಳಿದೆ. ರವಿವಾರ ಮಧ್ಯಾಹ್ನ, ಸೂಟಿ ದಿನ, ಯಾವತ್ತೂ ಬರದಾಂವ ಸೈಕಲ್ಲು ತುಳಕೊಂಡು ಸಾಲಿ ಬಾಗಲಿಗೆ ಬಂದ. ಅವ್ವಗ ಮೈ ಕೆಂಡ ಕೆಂಡ ಆಗೈತಿ, ಬಾಯಿ ಬಿಡಾಕತ್ತಾಳ, ಮನಿಗೆ ಬಾ ಅಂದ. ಅತ್ತಿ ಎಂಥಾಕಿ ಇದ್ರೂ ಜ್ವರ ಜ್ವರಾನ. ತಿರುಗಿ ಹೊಂಟ ಗಾಡ್ಯಾಗ ಕುಂತು ಹೋದೆ. ಹೋಗಿ ನೋಡಿದ್ರ ಅತ್ತಿ ಕಟ್ಟಿ ಮ್ಯಾಲ ಕುಂತು ಶೇಂಗಾ ಒಡ್ಯಾಕತ್ತಾಳ. ಹಣಿ ಮುಟ್ಟಿ ನೋಡಿದೆ, ತಣ್ಣಗಿತ್ತು. "ಈಗ ಇಳೀತು" ಅಂದ್ಲು, ಶೇಂಗಾ ಬಾಯಾಗ ಹಾಕ್ಕೊಂಡ್ಲು.

ಅಷ್ಟಾದ್ರೂ ನನಗ ಹೊಳೀಲಿಲ್ಲ ನೋಡ್ರಿ. ಮೂವತ್ತು ಹುಡಿಗ್ಯಾರಿಗೆ ಬುದ್ಧಿ ಹೇಳಾಕಿ ನಾನು.

ಸೋಮವಾರ ಬೆಳಕು ಹರೀತಿದ್ದಂಗ ಕಚ್ಚಿ ಬಿಗದು ಕಟಗೊಂಡು, ಬುತ್ತಿ ಗಂಟು ತಗೊಂಡು ಹೊಸ್ತಲ ದಾಟಾಕತ್ತಿದ್ದೆ. ಅಂವ ಹಿತ್ತಲದಾಗ ಇದ್ದ. ಅತ್ತಿ ಒಲಿ ಮುಂದ ಕುಂತು ಬೂದಿ ಬಳ್ಯಾಕತ್ತಿದ್ಲು. ನನ್ನ ಕಡೆ ನೋಡದ ಅಂದ್ಲು: "ಹೋಗು, ಹೋಗು. ಇದೊಂದ ಉಳದೈತಿ. ಮೂರು ಸೋಮವಾರ ಅಷ್ಟ ತಡಿಬೇ ಯವ್ವ, ಆಮ್ಯಾಲ ತಾನ ಮನ್ಯಾಗ ಕುಂದರ್ತಾಳ ಅಂತ ಅಂವ ಮನಿ ಹಿಡಿಯೂ ಮುಂದನ ಹೇಳಿದ್ದ."

ನಾನು ನಿಂತೆ. ಮುದುಕಿ ನಾಲಿಗಿ ಕಡಕೊಳ್ಳಲಿಲ್ಲ; ಬೇಕಂತನ ಹೇಳಿದ್ಲು. ಗೆದ್ದಾಕಿ ಹೇಳೂ ಹಂಗ ಹೇಳಿದ್ಲು.

ಹಿರೇಬೆಂಡಿಗೇರಿ ಒಕ್ಕಲಿಗನ ಮಗ. ಹುಟ್ಟಿದಾಗಿಂದ ಪ್ರತಿ ಸೋಮವಾರ ಎತ್ತಿನ ಮೈ ತಿಕ್ಕಿದಾಂವ. ಅಂವಗ ಮರಿಯೂದಂದ್ರೇನು. ಹಾದಿ ಮ್ಯಾಲ ಹತ್ತು ಹಳ್ಳಿ ಇದ್ವು, ಒಕ್ಕಲಿಗನ ಗಾಡಿ ಒಂದ ಗತಿ ಇರೂವಂಥಾ ಹಳ್ಳಿ ಹುಡಿಕಿ ತಗದಿದ್ದ. ಮೂರು ಗೀಟಿನ ಕಾಯದೆ ಅಂವಗ ಹೇಳಿದಾಕಿ ಬ್ಯಾರೆ ಯಾರೂ ಅಲ್ಲ, ನಾನ. ಒಂದಿನ ನಕ್ಕೋತ ಹೇಳಿದ್ದೆ. ಜಗಳಾಡಿ ಬಿಡಸಾಕ ಆಗಲಿಲ್ಲ ಅಂತ ನನ್ನ ಕಾಲಿಂದನ ಬಿಡಸಾಕ ನೋಡಿದ್ದ. ನನಗ ಅಳು ಬರಲಿಲ್ಲ. ಅಂವನ್ನ ಹಿಡದು ಹರದು ಹಾಕಬೇಕು ಅನ್ನೂವಷ್ಟು ಸಿಟ್ಟು ಬಂತು.

ತಿರುಗಿ ಒಳಗ ಹೋದೆ. ನನ್ನ ಟ್ರಂಕಿನ್ಯಾಗಿಂದ ನಾಕು ಸೀರಿ, ಟ್ರೇನಿಂಗಿನ ಸರ್ಟಿಫಿಕೇಟು ತಗದು ಗಂಟು ಕಟ್ಟಿದೆ. ಗಂಟು ತಲಿ ಮ್ಯಾಲ ಇಟಗೊಂಡು ಹಿತ್ತಲದಾಗ ಹಾದು ಹೋದೆ. ಅಂವ ಹಲ್ಲು ತಿಕ್ಕಾಕತ್ತಿದ್ದ. ಗಂಟು ನೋಡಿ ಕಡ್ಡಿ ಬಾಯಾಗ ಇಟಗೊಂಡು ನಿಂತ. ಗಂಟು ಹೊತ್ತು ಐದು ಮೈಲ ನಡದೆ, ಆ ಸಲ ಓಡಲಿಲ್ಲ.

ಎಂಟೂ ಕಾಲಿಗೆ ದೊಡ್ಡ ಅಕ್ಕೋರ ಮುಂದ ನಿಂತೆ. ಪುಸ್ತಕ ತಗದು ಇಟಗೊಂಡಿದ್ರು, ಕೆಂಪು ಮಸಿ ಲೇಖನಿ ಕೈಯಾಗ ಇತ್ತು. ನಾನು ಹೇಳಾಕ ಬಾಯಿ ತಗದೆ.

"ನಿನ್ನ ಗಂಡನ ಸುದ್ದಿ ನನಗ ಬ್ಯಾಡ. ನಾಳೆ ಎಲ್ಲಿಂದ ಬರ್ತಿ?" ಅಂದ್ರು.

"ಎಲಿ ಅಮ್ಮಾರ ಮನಿಯಿಂದ."

"ನಾಡದು?"

"ಅಲ್ಲಿಂದನ."

ಗಂಟಿನ ಕಡೆ ಒಮ್ಮೆ ನೋಡಿದ್ರು. ಮೂರನೇ ಗೀಟು ಎಳದ ಬಿಟ್ರು. "ಕ್ಲಾಸಿಗೆ ಹೋಗು" ಅಂದ್ರು. ಟರ್ಮು ಮುಗದ್ರೂ ನನ್ನ ಹೆಸರು ಮ್ಯಾಲಕ್ಕ ಹೋಗಲಿಲ್ಲ. ಇದನ್ನ ಕರುಣಾ ಅಂತ ನಾನು ತಿಳಕೊಂಡಿಲ್ಲ. ಅರ್ಜಿ ಹಾಕಿದ ಇಬ್ಬರಿಗೂ ಗಣಿತ ಬರ್ತಿದ್ದಿಲ್ಲ.

ಎಲಿ ಅಮ್ಮನ ಹಿತ್ತಲ ಖೋಲ್ಯಾಗ ನಾನು ಆರು ತಿಂಗಳಿದ್ದೆ. ಕೈಲೆ ಬೇಸಿಕೊಂಡೆ, ಸಾಲಿ ಬಿಟ್ಟ ಮ್ಯಾಲ ಅಮ್ಮನ ಜೋಡಿ ಕುಂತು ಎಲಿ ಎಣಿಸಿ ಕವಳಿ ಕಟ್ಟಿದೆ. ಹಾನಗಲ್ಲದಿಂದ ನಮ್ಮಪ್ಪ ಬಂದ. ನೌಕರಿಗೆ ಹಾದಿ ಮಾಡಿ ಕೊಟ್ಟ ಅಪ್ಪನ, ಗಂಡನ ಮನಿಗೆ ಹೋಗು, ನನ್ನ ಮಾರಿಗೆ ಮಸಿ ಹಚ್ಚಬ್ಯಾಡ ಅಂದ. ಅಳಿಯಗ ಸೈಕಲ್ಲು ಕೊಟ್ಟಿ, ಅದನ್ನೂ ವಾಪಸ್ ತಗೊಂಡು ಹೋಗು ಅಂದೆ. ಅಪ್ಪ ನೀರೂ ಕುಡೀಲಿಲ್ಲ, ಎದ್ದು ಹೋದ. ಊರ ಮಂದಿ ನಾಕು ದಿನ ಆಡಿಕೊಂಡ್ರು. ಮುಸಲರ ಮನ್ಯಾಗ ಅದಾಳ ಅಂತ ನಮ್ಮವರು, ಹಿಂದೂಗಳಾಕಿನ್ನ ಇಟಗೊಂಡಾಳ ಅಂತ ಅಮ್ಮನ ಮಂದಿ. ಅಮ್ಮ ಇಬ್ಬರಿಗೂ ಸೊಪ್ಪು ಹಾಕಲಿಲ್ಲ.

ಆರು ತಿಂಗಳಾದ ಮ್ಯಾಲ ಒಂದು ರವಿವಾರ ಅಂವ ಬಂದ. ಸಾಲಿ ಕಟ್ಟಿ ಮ್ಯಾಲ ಬಂದು ಕುಂತಾನ ಅಂತ ಹುಡಿಗ್ಯಾರು ಬಂದು ಹೇಳಿದ್ರು. ಕುಂದರಲಿ ಅಂದೆ. ಗಂಟಿ ಬಾರಿಸೂತನಕ ಎರಡು ತಾಸು ಹೊರಗ ಹೋಗಲಿಲ್ಲ. ಹೋದಾಗ ಅಂವ ಎದ್ದು ನಿಂತ. ಸೊರಗಿದ್ದ. ಅಂಗಿ ಗುಂಡಿ ಯಾರೂ ಹಚ್ಚಿರಲಿಲ್ಲ. ನನಗ ಕನಿಕರ ಬರಲಿಲ್ಲ.

"ಯಾಕ ಮಾಡಿದ್ರಿ?" ಅಂದೆ.

ಬಿಸಿ ಊಟದ ಮಾತು ಬರತೈತಿ, ಅವ್ವನ ಮಾತು ಬರತೈತಿ ಅಂತ ಉತ್ತರ ಹೊಂದಿಸಿಕೊಂಡು ನಿಂತಿದ್ದೆ. ಅಂವ ನೆಲ ನೋಡಿಕೋತ ಹೇಳಿದ: "ಈ ಊರಾಗ ಆರು ವರ್ಷ ಇದ್ದೆ. ಒಬ್ಬನೂ ನನ್ನ ಹೆಸರು ಹಿಡದು ಕರೀಲಿಲ್ಲ. ಅಂಗಡ್ಯಾಗೂ ಅಕ್ಕೋರ ಗಂಡ, ಕ್ಷೌರದಾಂವನೂ ಅಕ್ಕೋರ ಗಂಡ, ವಕೀಲರೂ ಮಂದಿ ಮುಂದ ಅಕ್ಕೋರ ಗಂಡ. ಶಿಗ್ಗಾವ್ಯಾಗ ನನಗ ಕಾರಕೂನರು ಅಂತಾರ. ನೀನು ಅಕ್ಕೋರು ಇರೂತನಕ ಅಲ್ಲಿಗೂ ಆ ಹೆಸರು ಬಂದ ಬರ್ತಿತ್ತು."

ಹೌದು, ಹಂಗ ಅಂತಿದ್ರು. ನನ್ನ ಕಿವಿಗೂ ಬಿದ್ದಿತ್ತು. ನನಗ ಅದು ಸೇರ್ತಿತ್ತು.

"ಇದನ್ನ ಬಾಯಿ ಬಿಟ್ಟು ನನಗ ಹೇಳಾಕ ಬರ್ತಿದ್ದಿಲ್ಲೇನು?"

"ಹೇಳಿದ್ರ ನೀ ಬಿಡ್ತಿದ್ದೇನು? ನಾ ನೆಟ್ಟಗ, ಹಿಂಗ ಐತಿ ನನ್ನ ಸಂಕಟ ಅಂತ ಹೇಳಿ, ಬಿಡು ಅಂತ ಕೇಳಿದ್ರ ನೀ ನೌಕರಿ ಬಿಡ್ತಿದ್ದೇನು?"

"ಬಿಡ್ತಿದ್ದೆ" ಅಂದೆ.

ಅಂವ ಕಟ್ಟಿ ಮ್ಯಾಲ ಕುಂತು ಬಿಟ್ಟ. ಎದ್ದು ಹೋಗಾಕ ಎಷ್ಟು ಹೊತ್ತು ಬೇಕಾತಂದ್ರ ಸಾಲಿ ಸಿಪಾಯಿ ಬಾಗಲ ಹಾಕಾಕ ಬಂದು ಎರಡು ಸಲ ತಿರುಗಿ ಹೋದ.

ಮುಂದಿನ ತಿಂಗಳ ಆ ನಡುವಿನ ಮನಿ ಬಿಟ್ಟು ಸವಣೂರಿಗೆ ಬಂದ. ಅತ್ತಿ ಹಿರೇಬೆಂಡಿಗೇರಿಗೆ ಹೋದ್ಲು. ಹತ್ತು ಮೈಲ ಹೋಗೂದು, ಹತ್ತು ಮೈಲ ಬರೂದು, ಆಗೂದ ಇಲ್ಲ ಅಂದಿದ್ದ ಇಪ್ಪತ್ತು ಮೈಲ ದಿನಾ ತುಳದ. ಯುದ್ಧ ಬಂದು ಸೈಕಲ್ ಟೈರು ಸಿಗದಂಗಾದಾಗ ಸಿಕ್ಕ ಗಾಡಿ ಹತ್ತಿದ, ಸಿಗದಿದ್ರ ನಡದ. ಹಾನಗಲ್ಲಕ್ಕ ವರ್ಗಾ ಆದಾಗ, ಹಿರೇಕೆರೂರಿಗೆ ಆದಾಗ, ನೀ ಬಾ ಅಂತ ಒಮ್ಮೆಯೂ ಅನ್ನಲಿಲ್ಲ. ಖೋಲಿ ಹಿಡದು ಕೈಲೆ ಬೇಸಿಕೊಂಡು ಇದ್ದ, ಸೂಟಿಗೆ ಬಂದು ಹೋದ. ಕೇಳಿದವರಿಗೆ, ಮುಂದ ಮಕ್ಕಳಾಗಿ ದೊಡ್ಡವರಾದ ಮ್ಯಾಲ ಮಕ್ಕಳಿಗೂ, ಅಂವ ಒಂದ ಮಾತು ಹೇಳ್ತಿದ್ದ: "ತಪ್ಪು ನಂದು. ನಿಮ್ಮ ಅವ್ವ ದೊಡ್ಡ ಮನಸ್ಸಿನಾಕಿ, ನೆಟ್ಟಗ ಕೇಳಿದ್ರ ಬಿಡ್ತಿದ್ಲು. ನಾನ ಕೇಳಲಿಲ್ಲ."

ನಾನು ಬಿಡ್ತಿದ್ದಿಲ್ಲ. ಕಾಲು ಹಿಡದು ಕೇಳಿದ್ರೂ ಬಿಡ್ತಿದ್ದಿಲ್ಲ. ಅವತ್ತು ಆ ಕಟ್ಟಿ ಮುಂದ ಅಂವಗ ಯಾವ ಮಾತು ಎಲ್ಲಾಕಿಂತ ಆಳಕ್ಕ ಇಳೀತೈತಿ ಅಂತ ನೋಡಿ, ಆರಿಸಿ ಆ ಮಾತು ಆಡಿದ್ದೆ. ಅದು ಸುಳ್ಳು ಅಂತ ಹೇಳಾಕ ನನಗ ಮೂವತ್ತು ವರ್ಷಕ್ಕಿಂತ ಹೆಚ್ಚು ಹೊತ್ತಿತ್ತು. ಹೇಳಲಿಲ್ಲ. ಅಂವ ಅದನ್ನ ನಂಬಿಕೊಂಡ ಸತ್ತ.